ಬೆರಳಿಗೂ ಸ್ವರಕ್ಕೂ ನಡುವೆ

ಆರ್ಕೆಸ್ಟ್ರಾ ವೇದಿಕೆಗೆ ಲ್ಯಾಪ್‌ಟಾಪ್ ಬಂದಿದೆ. ಅದರ ಪಕ್ಕದಲ್ಲಿ ಅಂಗೈಯಗಲದ ಪೆಟ್ಟಿಗೆಯೊಂದು ಕೂತಿದೆ. ಒತ್ತಿದ ಸ್ವರ ಹೊತ್ತಿಗೆ ಸರಿಯಾಗಿ ಕೇಳುತ್ತದೋ ತಡವಾಗಿ ಕೇಳುತ್ತದೋ ಎಂಬುದು ಬಹುಪಾಲು ಆ ಪೆಟ್ಟಿಗೆಯ ಮೇಲೆ ನಿಂತಿದೆ. ಕೊಳ್ಳುವವರು ಡಬ್ಬದ ಮೇಲಿನ ಅಂಕಿ ಓದುತ್ತಾರೆ. ಓದಬೇಕಾದದ್ದು ಬೇರೆಯೇ ಇದೆ!

ನವೆಂಬರಿನ ಒಂದು ರಾತ್ರಿ, ಎಂಟೂವರೆ. ಬೆಂಗಳೂರಿನ ಬಡಾವಣೆಯೊಂದರ ರಸ್ತೆಗೆ ಅಡ್ಡಲಾಗಿ ವೇದಿಕೆ ಎದ್ದಿದೆ. ಹಳದಿ ಕೆಂಪು ಬಟ್ಟೆ, ಭುವನೇಶ್ವರಿಯ ದೊಡ್ಡ ಚಿತ್ರ, ಎದುರಿಗೆ ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿ, ಪಕ್ಕದ ಸಂದಿಯಲ್ಲಿ ಜನರೇಟರಿನ ಸದ್ದು. ಭಾಷಣ ಮುಗಿದು, ಶಾಲು ಹಾರಗಳ ಸನ್ಮಾನವೂ ಆಗಿ, ಆರ್ಕೆಸ್ಟ್ರಾದವರ ಸರದಿ ಬಂತು.

ರಿದಮ್ ಪ್ಯಾಡಿನ ಹುಡುಗ ಕಡ್ಡಿಗೆ ಕಡ್ಡಿ ತಟ್ಟಿ ನಾಲ್ಕು ಎಣಿಸಿದ. ನಾನು ಕೀಬೋರ್ಡಿನ ಮೇಲೆ ಕೈಯಿಟ್ಟೆ. ಕೀಬೋರ್ಡಿನ ಸ್ವಂತ ಟೋನ್‌ಗಳನ್ನು ಬಿಟ್ಟು, ಲ್ಯಾಪ್‌ಟಾಪಿನೊಳಗಿನ ಕೊಳಲನ್ನೂ ವಯಲಿನ್ ಗುಂಪನ್ನೂ ನುಡಿಸಲು ಹೊರಟ ಮೊದಲ ರಾತ್ರಿ ಅದು. ಮನೆಯ ಕೋಣೆಯಲ್ಲಿ ಕೇಳಿದಾಗ ಮೈ ಜುಮ್ಮೆನಿಸಿದ್ದ ಕೊಳಲು.

ವೇದಿಕೆಯ ಮೇಲೆ ಅದು ತಡವಾಗಿ ಬಂತು.

ಕೀಲಿ ಒತ್ತುತ್ತೇನೆ, ಕೂದಲೆಳೆಯಷ್ಟು ಹೊತ್ತು ಏನೂ ಇಲ್ಲ, ಆಮೇಲೆ ಸ್ವರ. ಆ ಖಾಲಿಯನ್ನು ತುಂಬಲು ಬೆರಳು ತಾನಾಗಿ ಮುಂದೋಡಿತು. ಓಡಿದ್ದು ಗೊತ್ತಾಗಿ ಹಿಡಿದೆ. ಹಿಡಿದರೆ ಮತ್ತೆ ಹಿಂದೆ ಬಿತ್ತು. ಮೊದಲ ಚರಣ ಮುಗಿಯುವಷ್ಟರಲ್ಲಿ ಪ್ಯಾಡಿನ ಹುಡುಗ ನನ್ನತ್ತ ಬಾಗಿ, "ಅಣ್ಣಾ, ಎಳೀತಿದ್ದೀರಾ, ಸ್ವಲ್ಪ ಬೇಗ ಬನ್ನಿ" ಎಂದ.

ಎಳೆಯುತ್ತಿದ್ದದ್ದು ನನ್ನ ಕೈಯಲ್ಲ. ಸೌಂಡ್ ಚೆಕ್ ಹೊತ್ತಿನಲ್ಲಿ ಮೂರು ಟೋನ್‌ಗಳನ್ನು ಒಟ್ಟಿಗೆ ನುಡಿಸಿದಾಗ ಸ್ಪೀಕರಿನಲ್ಲಿ ಪಟಪಟ ಎಂದು ಒಡಕು ಸದ್ದು ಬಂದಿತ್ತು. ಅದನ್ನು ನಿಲ್ಲಿಸಲು ಲ್ಯಾಪ್‌ಟಾಪಿನ ಬಫರ್ ಅನ್ನು 256ರಿಂದ 1024ಕ್ಕೆ ಏರಿಸಿದ್ದೆ. ಒಡಕು ನಿಂತಿತು, ತಡ ಹುಟ್ಟಿತು. ಆ ರಾತ್ರಿಯ ಇಪ್ಪತ್ತು ಹಾಡುಗಳಲ್ಲಿ ಹದಿನೆಂಟನ್ನು ಕೀಬೋರ್ಡಿನ ಹಳೆಯ ಟೋನ್‌ನಲ್ಲೇ ನುಡಿಸಿದೆ.

ಸೀಟು ತುಂಬುವ ತನಕ ಹೊರಡದ ಟೆಂಪೋ

ಪೆಟ್ಟಿಗೆಯ ಮೇಲೆ ಆಡಿಯೊ ಇಂಟರ್‌ಫೇಸ್ ಎಂದು ಅಚ್ಚಾಗಿರುತ್ತದೆ. ನಮ್ಮ ಕಲಾವಿದರ ಬಾಯಲ್ಲಿ ಮಾತ್ರ ಅದು ಇಂದಿಗೂ ಸೌಂಡ್ ಕಾರ್ಡ್. ಗಿಟಾರಿನ, ಮೈಕಿನ ಸದ್ದನ್ನು ಅಂಕಿಗಳನ್ನಾಗಿಸಿ ಲ್ಯಾಪ್‌ಟಾಪಿಗೆ ಕೊಡುವುದು, ಲ್ಯಾಪ್‌ಟಾಪ್ ಕೊಟ್ಟ ಅಂಕಿಗಳನ್ನು ಮತ್ತೆ ಸದ್ದನ್ನಾಗಿಸಿ ಮಿಕ್ಸರಿಗೆ ಕಳಿಸುವುದು, ಇಷ್ಟೇ ಅದರ ಕೆಲಸ.

ಒಂದು ಸೆಕೆಂಡಿನ ಸದ್ದನ್ನು ಅದು ಸಾಮಾನ್ಯವಾಗಿ 48,000 ತುಣುಕುಗಳಾಗಿ ಕತ್ತರಿಸುತ್ತದೆ. ಒಂದೊಂದು ತುಣುಕೂ ಒಂದು ಸ್ಯಾಂಪಲ್. ಅವನ್ನು ಒಂದೊಂದಾಗಿ ಕಳಿಸಿದರೆ ಲ್ಯಾಪ್‌ಟಾಪಿಗೆ ಉಸಿರಾಡಲು ಬಿಡುವಿರುವುದಿಲ್ಲ. ಅದಕ್ಕೇ ಗುಂಪು ಮಾಡಿ ಕಳಿಸುತ್ತದೆ. ಆ ಗುಂಪೇ ಬಫರ್.

ನಮ್ಮ ಊರ ಕಡೆ ಸೀಟು ತುಂಬುವ ತನಕ ಹೊರಡದ ಟೆಂಪೋಗಳನ್ನು ನೆನೆಯಿರಿ. ಇಪ್ಪತ್ತು ಸೀಟಿನ ಗಾಡಿ ತುಂಬಲು ಹೊತ್ತು ಬೇಕು. ಮೊದಲು ಹತ್ತಿ ಕೂತವನು ಕಾಯಬೇಕು. ಆರು ಸೀಟಿನ ಆಟೊ ಬೇಗ ಹೊರಡುತ್ತದೆ. ಆದರೆ ಅಷ್ಟೇ ಜನರನ್ನು ಸಾಗಿಸಲು ಮತ್ತೆ ಮತ್ತೆ ಓಡಬೇಕು. ಬಫರ್ ಚಿಕ್ಕದಾದಷ್ಟೂ ಸ್ವರ ಬೇಗ ಬರುತ್ತದೆ, ಲ್ಯಾಪ್‌ಟಾಪಿಗೆ ಓಡಾಟ ಹೆಚ್ಚುತ್ತದೆ. ಒಂದೇ ಒಂದು ಸಲ ಹೊತ್ತಿಗೆ ಮುಟ್ಟದಿದ್ದರೂ ಸದ್ದಿನಲ್ಲಿ ತೂತು ಬಿದ್ದು ಪಟ್ ಎನ್ನುತ್ತದೆ.

┌──────────────
ಬಫರ್ ಎಷ್ಟು, ತಡ ಎಷ್ಟು?
(ಸೆಕೆಂಡಿಗೆ 48,000 ಸ್ಯಾಂಪಲ್, ಒಂದು ದಿಕ್ಕಿಗೆ)
64 ಸ್ಯಾಂಪಲ್: 1.3 ಮಿಲಿಸೆಕೆಂಡು
128 ಸ್ಯಾಂಪಲ್: 2.7 ಮಿಲಿಸೆಕೆಂಡು
256 ಸ್ಯಾಂಪಲ್: 5.3 ಮಿಲಿಸೆಕೆಂಡು
512 ಸ್ಯಾಂಪಲ್: 10.7 ಮಿಲಿಸೆಕೆಂಡು
1024 ಸ್ಯಾಂಪಲ್: 21.3 ಮಿಲಿಸೆಕೆಂಡು
ಗಾಳಿಯಲ್ಲಿ ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕು.
└──────────────

ಈ ಕೊನೆಯ ಸಾಲು ದೊಡ್ಡ ಸಮಾಧಾನ ಕೊಡುವಂಥದ್ದು. ಆಂಪ್ಲಿಫೈಯರಿನಿಂದ ಮೂರು ಮೀಟರ್ ದೂರ ನಿಂತ ಗಿಟಾರಿಸ್ಟ್ ಪ್ರತಿ ಸ್ವರವನ್ನೂ 9 ಮಿಲಿಸೆಕೆಂಡು ತಡವಾಗಿಯೇ ಕೇಳುತ್ತಾನೆ. ಕೇಳಿಯೂ ಲಯ ತಪ್ಪುವುದಿಲ್ಲ. ತಡವನ್ನು ಸೊನ್ನೆ ಮಾಡಬೇಕಾಗಿಲ್ಲ. ದೇಹ ಆಗಲೇ ಒಗ್ಗಿಕೊಂಡಿರುವ ಮಟ್ಟಕ್ಕೆ ಇಳಿಸಿದರೆ ಸಾಕು. ನನ್ನ ಅನುಭವದಲ್ಲಿ ಎಲ್ಲ ಸೇರಿ 10 ಮಿಲಿಸೆಕೆಂಡಿನೊಳಗಿದ್ದರೆ ಕೈ ನಿಶ್ಚಿಂತೆಯಿಂದ ಓಡುತ್ತದೆ. 20 ದಾಟಿದರೆ ಎಷ್ಟೇ ಪಳಗಿದ ಕೈಯೂ ತೊಡರುತ್ತದೆ.

ವಾದ್ಯದಿಂದ ವಾದ್ಯಕ್ಕೆ ಸೈರಣೆ ಬೇರೆ. ಮೆಲ್ಲಗೆ ಅರಳುವ ವಯಲಿನ್ ಗುಂಪಿನ ಟೋನ್‌ನಲ್ಲಿ 15 ಮಿಲಿಸೆಕೆಂಡು ತಡವಾದರೂ ಗೊತ್ತಾಗದು. ರಿದಮ್ ಪ್ಯಾಡಿನಲ್ಲಿ ಬಾರಿಸುವ ತಬಲಾ ಬೋಲಿಗೆ ಅಷ್ಟು ರಿಯಾಯಿತಿ ಇಲ್ಲ.

ತಾನಾಗಿ ನುಡಿಯುವುದು, ಕೈಗೆ ನುಡಿಯುವುದು

ವೇದಿಕೆಯ ಮೇಲೆ ವಿದ್ಯುತ್ ಪೆಟ್ಟಿಗೆಗಳು ನಮಗೆ ಹೊಸತಲ್ಲ. 1970ರ ದಶಕದ ಕೊನೆಯಲ್ಲೇ ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಕಟ್ಟಿದರು. ಅವರ ರೇಡೆಲ್ ಸಂಸ್ಥೆಯ ತಂಬೂರಿ ಪೆಟ್ಟಿಗೆಗಳು ಇಂದು ಎಷ್ಟೋ ಸಂಗೀತ ಪಾಠದ ಮನೆಗಳಲ್ಲಿವೆ. ತಾಳದ ಪೆಟ್ಟಿಗೆಗಳೂ ಬಂದವು.

ಆದರೆ ಅವು ತಾವಾಗಿ ನುಡಿಯುವಂಥವು. ಗುಂಡಿ ಒತ್ತಿದರೆ ಶ್ರುತಿ ಹರಿಯುತ್ತದೆ, ಕಲಾವಿದ ಅದನ್ನು ಅನುಸರಿಸುತ್ತಾನೆ. ಲ್ಯಾಪ್‌ಟಾಪಿನ ವಾದ್ಯ ಕಲಾವಿದನನ್ನು ಅನುಸರಿಸಬೇಕು. ಪ್ರತಿ ಬೆರಳಿಗೂ, ಪ್ರತಿ ಒತ್ತಿಗೂ ಅದು ಆ ಕ್ಷಣವೇ ಓಗೊಡಬೇಕು. ತಡದ ಪ್ರಶ್ನೆ ಏಳುವುದೇ ಇಲ್ಲಿ.

ಹಾಗೆಂದು ಎಲ್ಲರ ತಡವೂ ಒಂದೇ ಅಲ್ಲ. ಅಂಗಡಿಗೆ ಹೋಗುವ ಮುನ್ನ ಮೊದಲು ತಿಳಿಯಬೇಕಾದ ಸಂಗತಿ ಇದು.

ಕೀಬೋರ್ಡ್ ನುಡಿಸುವವರ ಸ್ವರ ಲ್ಯಾಪ್‌ಟಾಪಿನೊಳಗೇ ಹುಟ್ಟುತ್ತದೆ. ಕೀಬೋರ್ಡಿನಿಂದ ಹೋಗುವುದು ಸದ್ದಲ್ಲ, "ಈ ಕೀಲಿ, ಇಷ್ಟು ಬಲ" ಎಂಬ ಮಿಡಿ ಸಂದೇಶ. 1983ರಲ್ಲಿ ಬಂದ ಆ ಪದ್ಧತಿಯ ದುಂಡನೆಯ ಐದು ಪಿನ್ನಿನ ಕೇಬಲಿನಲ್ಲಿಯೂ ಒಂದು ಸ್ವರದ ಸಂದೇಶ ಸುಮಾರು 1 ಮಿಲಿಸೆಕೆಂಡಿನಲ್ಲಿ ಮುಟ್ಟುತ್ತದೆ. ಆಮೇಲೆ ಸದ್ದು ಹೊರಬರುವ ದಾರಿಯೊಂದೇ ಬಾಕಿ.

ಗಿಟಾರ್, ವಯಲಿನ್, ವೀಣೆಯವರ ಪಾಡು ಹಾಗಲ್ಲ. ತಂತಿಯ ಸದ್ದು ಒಳಗೆ ಹೋಗಬೇಕು, ಸಾಫ್ಟ್‌ವೇರ್‌ನಲ್ಲಿ ಬಣ್ಣ ಪಡೆಯಬೇಕು, ಮತ್ತೆ ಹೊರಗೆ ಬರಬೇಕು. ಹೋಗಿಬರುವ ಎರಡೂ ದಾರಿಯ ಹೊತ್ತು ಅವರ ಲೆಕ್ಕಕ್ಕೆ. ಗೆಳೆಯನ ಕೀಬೋರ್ಡಿಗೆ ಚೆನ್ನಾಗಿ ಒಗ್ಗಿದ ಪೆಟ್ಟಿಗೆ ನಿಮ್ಮ ಗಿಟಾರಿಗೆ ಒಗ್ಗಲಿಕ್ಕಿಲ್ಲ.

ಇನ್ನು ಹಾಡುಗಾರರು. ಕಿವಿಯೊಳಗೆ ಇಯರ್‌ಫೋನ್ ಇಟ್ಟುಕೊಂಡು ಹಾಡುವವರಿಗೆ ತಮ್ಮ ದನಿ ತಲೆಯ ಮೂಳೆಯ ಮೂಲಕ ಆಗಲೇ ಕೇಳಿರುತ್ತದೆ. ಲ್ಯಾಪ್‌ಟಾಪ್ ಸುತ್ತಿ ಬಂದ ಅದೇ ದನಿ ಕೆಲವೇ ಮಿಲಿಸೆಕೆಂಡು ತಡವಾಗಿ ಅದರೊಡನೆ ಬೆರೆತರೆ ಕೆಲವು ಕಂಪನಗಳು ಒಂದನ್ನೊಂದು ಅಳಿಸಿಕೊಂಡು ದನಿ ಟೊಳ್ಳಾಗುತ್ತದೆ. ಕೊಳವೆಯೊಳಗೆ ಹಾಡಿದಂತೆ. ಹಾಡುಗಾರರ ಮೈಕನ್ನು ಲ್ಯಾಪ್‌ಟಾಪಿಗೆ ತೋರಿಸಲೇಬೇಡಿ, ನೇರ ಮಿಕ್ಸರಿಗೆ ಕೊಡಿ ಎಂದು ನಾನು ಹಟ ಹಿಡಿದು ಹೇಳುತ್ತೇನೆ.

"ಝೀರೊ ಲೇಟೆನ್ಸಿ" ಎಂಬ ಚೀಟಿ

ನನ್ನ ಮೊದಲ ಪೆಟ್ಟಿಗೆಯ ಡಬ್ಬದ ಮೇಲೆ "ಝೀರೊ ಲೇಟೆನ್ಸಿ", ಅಂದರೆ ಸೊನ್ನೆ ತಡ, ಎಂಬ ಎರಡು ಪದ ದಪ್ಪ ಅಕ್ಷರದಲ್ಲಿದ್ದವು. ಅಂಗಡಿಯವರೂ ಅದನ್ನೇ ತೋರಿಸಿ, "ಲೇಟೆನ್ಸಿನೇ ಇಲ್ಲ ಸಾರ್, ಬರೆದೇ ಇದೆಯಲ್ಲ" ಎಂದಿದ್ದರು. ಅದರ ಅರ್ಥ ಗೊತ್ತಾಗಲು ನನಗೆ ಆ ನವೆಂಬರ್ ರಾತ್ರಿ ಬೇಕಾಯಿತು.

ಆ ಮಾತು ಸುಳ್ಳಲ್ಲ, ಆದರೆ ನಮಗೆ ಸಂಬಂಧಪಟ್ಟದ್ದಲ್ಲ. ಡೈರೆಕ್ಟ್ ಮಾನಿಟರಿಂಗ್ ಎಂಬ ಸೌಕರ್ಯದ ಹೆಸರು ಅದು. ಮೈಕಿನಿಂದ ಬಂದ ಸದ್ದನ್ನು ಲ್ಯಾಪ್‌ಟಾಪಿಗೆ ಕಳಿಸುತ್ತಲೇ, ಅದರ ಒಂದು ಪಾಲನ್ನು ಪೆಟ್ಟಿಗೆಯೊಳಗಿಂದಲೇ ನೇರ ಹೆಡ್‌ಫೋನಿಗೆ ತಿರುಗಿಸುತ್ತಾರೆ. ಮನೆಯಲ್ಲಿ ಹಾಡು ರೆಕಾರ್ಡ್ ಮಾಡುವವರಿಗೆ ಅದು ವರ. ಲ್ಯಾಪ್‌ಟಾಪಿನೊಳಗೆ ಹುಟ್ಟುವ ಕೊಳಲಿಗೆ ಆ ಅಡ್ಡದಾರಿಯೇ ಇಲ್ಲ. ಸಾಫ್ಟ್‌ವೇರ್ ಆಂಪ್ಲಿಫೈಯರಿನಲ್ಲಿ ನುಡಿಸುವ ಗಿಟಾರಿಸ್ಟ್ ಆ ಗುಂಡಿ ತಿರುಗಿಸಿದರೆ ಬಣ್ಣವಿಲ್ಲದ ಬರಿಯ ತಂತಿಯ ಸದ್ದು ಕೇಳುತ್ತದೆ, ಅಷ್ಟೆ.

192 ಕಿಲೋಹರ್ಟ್ಸ್, 24 ಬಿಟ್ ಎಂಬ ಅಂಕಿಗಳೂ ವೇದಿಕೆಯಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಯುಎಸ್‌ಬಿ-ಸಿ ಇದೆ, ಹಾಗಾಗಿ ವೇಗ ಎನ್ನುವುದೂ ತಪ್ಪು ತಿಳಿವಳಿಕೆ. ಸಿ ಎನ್ನುವುದು ಕೊಂಡಿಯ ಆಕಾರ. 24 ಬಿಟ್, 48 ಕಿಲೋಹರ್ಟ್ಸ್‌ನ ಸ್ಟೀರಿಯೊ ಸದ್ದಿಗೆ ಬೇಕಾದದ್ದು ಸೆಕೆಂಡಿಗೆ 2.3 ಮೆಗಾಬಿಟ್, ಹಳೆಯ ಯುಎಸ್‌ಬಿ 2.0 ದಾರಿಯ ಅಗಲವೇ 480 ಮೆಗಾಬಿಟ್. ಇಕ್ಕಟ್ಟು ಅಲ್ಲಿಲ್ಲ.

ಚಾಲಕ ಯಾರು?

ಇಕ್ಕಟ್ಟು ಇರುವುದು ಡ್ರೈವರ್‌ನಲ್ಲಿ. ಪೆಟ್ಟಿಗೆಗೂ ಲ್ಯಾಪ್‌ಟಾಪಿಗೂ ನಡುವೆ ಟೆಂಪೋ ಓಡಿಸುವ ಸಾಫ್ಟ್‌ವೇರ್ ಅದು. ನಾನು ಈ ಲೇಖನ ಬರೆಯಲು ಕೂತದ್ದೇ ಇದೊಂದು ಮಾತಿಗಾಗಿ: ವೇದಿಕೆಗೆ ಸೌಂಡ್ ಕಾರ್ಡ್ ಕೊಳ್ಳುವಾಗ ನೀವು ಕೊಳ್ಳುತ್ತಿರುವುದು ಡ್ರೈವರ್ ಅನ್ನು, ಲೋಹದ ಡಬ್ಬ ಅದರ ಜೊತೆಗೆ ಬರುತ್ತದೆ.

ವಿಂಡೋಸ್ ತನ್ನ ಎಲ್ಲ ಸದ್ದುಗಳನ್ನೂ, ಇಮೇಲ್ ಬಂದ ಟಿಣ್ ಸದ್ದನ್ನೂ ಸೇರಿಸಿ, ಒಂದೇ ಪಾತ್ರೆಯಲ್ಲಿ ಕಲಸಿ ಹೊರಗೆ ಬಿಡುವಂತೆ ರೂಪುಗೊಂಡದ್ದು. ಆ ಕಲಸುವಿಕೆಗೆ ಹೊತ್ತು ಹಿಡಿಯುತ್ತದೆ. ಜರ್ಮನಿಯ ಹ್ಯಾಂಬರ್ಗಿನ ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ಆಸಿಯೊ ಎಂಬ ಪದ್ಧತಿ ತಂದು, ಸಂಗೀತದ ಸಾಫ್ಟ್‌ವೇರ್ ಆ ಪಾತ್ರೆಯ ಮೂಲಕ ಹೋಗದೆ ನೇರ ಪೆಟ್ಟಿಗೆಯೊಡನೆ ಮಾತಾಡುವಂತೆ ಮಾಡಿತು. ಇಂದಿಗೂ ವಿಂಡೋಸ್‌ನಲ್ಲಿ ನುಡಿಸುವವರ ರಾಜಮಾರ್ಗ ಅದೇ. ಆಪಲ್‌ನ ಮ್ಯಾಕ್‌ಗಳಲ್ಲಿ ಕೋರ್ ಆಡಿಯೊ ಈ ಕೆಲಸವನ್ನು ಒಳಗಿನಿಂದಲೇ ಮಾಡುತ್ತದೆ. ಎಷ್ಟೋ ಪೆಟ್ಟಿಗೆಗಳಿಗೆ ಅಲ್ಲಿ ಬೇರೆ ಡ್ರೈವರ್ ಬೇಡ.

ಹಾಗಾಗಿ ವಿಂಡೋಸ್ ಲ್ಯಾಪ್‌ಟಾಪ್ ಇರುವವರು ಕೇಳಲೇಬೇಕಾದದ್ದು: ಈ ಪೆಟ್ಟಿಗೆಗೆ ಕಂಪನಿಯೇ ಬರೆದ ಆಸಿಯೊ ಡ್ರೈವರ್ ಇದೆಯೇ? ಆಸಿಯೊ4ಆಲ್ ಎಂಬ ಉಚಿತ ತಂತ್ರಾಂಶ ಯಾವ ಪೆಟ್ಟಿಗೆಗಾದರೂ ಆಸಿಯೊ ವೇಷ ತೊಡಿಸುತ್ತದೆ. ಕಲಿಯುವ ಕಾಲಕ್ಕೆ ಅದು ಉಪಕಾರಿ. ಸಾವಿರ ಜನರೆದುರು ನುಡಿಸುವಾಗ ನಾನು ಅದನ್ನು ನಂಬಲಾರೆ.

ಎರಡನೆಯ ಸಂಗತಿ ಸೂಕ್ಷ್ಮವಾದದ್ದು. ಎರಡು ಪೆಟ್ಟಿಗೆಗಳಲ್ಲೂ ಬಫರ್ 128 ಎಂದೇ ಇಟ್ಟರೂ ಒಟ್ಟು ತಡ ಒಂದೇ ಆಗಿರುವುದಿಲ್ಲ. ಒಡಕು ಸದ್ದು ಬಾರದಿರಲೆಂದು ಕೆಲವು ಡ್ರೈವರ್‌ಗಳು ನಮಗೆ ಕಾಣದಂತೆ ಇನ್ನಷ್ಟು ಬಫರ್ ಸೇರಿಸಿಕೊಂಡಿರುತ್ತವೆ. ಸದ್ದನ್ನು ಅಂಕಿಯಾಗಿಸುವ ಚಿಪ್‌ಗಳೂ ತಮ್ಮ ಪಾಲಿನ ಹೊತ್ತು ತೆಗೆದುಕೊಳ್ಳುತ್ತವೆ. ಪರದೆಯ ಮೇಲೆ ಕಾಣುವ ಅಂಕಿ ಡ್ರೈವರ್ ಒಪ್ಪಿಸಿದ ವರದಿ ಮಾತ್ರ.

┌──────────────
ನೀವೇ ಅಳೆಯಿರಿ
ಪೆಟ್ಟಿಗೆಯ ಔಟ್‌ಪುಟ್‌ನಿಂದ ಅದೇ ಪೆಟ್ಟಿಗೆಯ ಇನ್‌ಪುಟ್‌ಗೆ ಒಂದು ಕೇಬಲ್ ಸಿಕ್ಕಿಸಿ. ಸ್ಪೀಕರ್ ಬಂದ್ ಮಾಡಿ. ಆರ್‌ಟಿಎಲ್ ಯುಟಿಲಿಟಿ ಎಂಬ ಉಚಿತ ತಂತ್ರಾಂಶ ಒಂದು ಸದ್ದನ್ನು ಕಳಿಸಿ, ಅದು ತಿರುಗಿ ಬರುವ ನಿಜವಾದ ಹೊತ್ತನ್ನು ಮಿಲಿಸೆಕೆಂಡಿನಲ್ಲಿ ತೋರಿಸುತ್ತದೆ. ಎರಡು ನಿಮಿಷದ ಕೆಲಸ.
└──────────────

ಡ್ರೈವರ್‌ಗೆಂದೇ ಹೆಸರಾದದ್ದು ಜರ್ಮನಿಯ ಆರ್‌ಎಂಇ. ಅದರ ಬೇಬಿಫೇಸ್ ಪ್ರೊ ಆರಂಭದ ದರ್ಜೆಯ ಪೆಟ್ಟಿಗೆಗಳಿಗಿಂತ ಹಲವು ಪಟ್ಟು ದುಬಾರಿ. ವರ್ಷಕ್ಕೆ ನೂರು ಪ್ರೋಗ್ರಾಂ ನುಡಿಸಿ ಅದರಿಂದಲೇ ಸಂಸಾರ ನಡೆಸುವವರಿಗೆ ಅದು ವ್ಯರ್ಥ ಖರ್ಚಲ್ಲ ಎಂದೇ ನನ್ನ ಅಭಿಪ್ರಾಯ. ಅಷ್ಟು ಹಣವಿಲ್ಲದವರಿಗೆ ಅಮೆರಿಕದ ಮೊಟು ಕಂಪನಿಯ ಎಂ2, ಎಂ4 ಇವೆ. 96 ಕಿಲೋಹರ್ಟ್ಸ್‌ನಲ್ಲಿ 32 ಸ್ಯಾಂಪಲ್ ಬಫರ್ ಇಟ್ಟರೆ ಹೋಗಿಬರುವ ದಾರಿ 2.5 ಮಿಲಿಸೆಕೆಂಡು ಎಂದು ಆ ಕಂಪನಿ ಹೇಳುತ್ತದೆ. 2011ರಲ್ಲಿ ಮೊದಲು ಬಂದ ಇಂಗ್ಲೆಂಡಿನ ಫೋಕಸ್‌ರೈಟ್ ಸ್ಕಾರ್ಲೆಟ್, ಆ ಕೆಂಪು ಪೆಟ್ಟಿಗೆ, ನಮ್ಮ ಎಷ್ಟೋ ಮನೆ ಸ್ಟುಡಿಯೊಗಳ ಮೇಜಿನ ಮೇಲಿದೆ. ಕೀಬೋರ್ಡಿನವರಿಗೆ ಅದು ಧಾರಾಳವಾಗಿ ಸಾಕು.

ತಪ್ಪು ಲ್ಯಾಪ್‌ಟಾಪಿನದೂ ಇರಬಹುದು

ಒಳ್ಳೆಯ ಪೆಟ್ಟಿಗೆ ತಂದ ಮೇಲೂ ಒಡಕು ಬಂದರೆ? ಸಾಮಾನ್ಯವಾಗಿ ಸಂಶಯ ಪೆಟ್ಟಿಗೆಯ ಮೇಲೆ ಬೀಳುತ್ತದೆ. ನಾನು ಕಂಡಂತೆ ಎಷ್ಟೋ ಸಲ ಕಾರಣ ವೈ-ಫೈ. ಅದರ ಡ್ರೈವರ್ ಆಗಾಗ ನುಗ್ಗಿ ಬಂದು ಪ್ರೊಸೆಸರನ್ನು ಕ್ಷಣಕಾಲ ಹಿಡಿದುಕೊಳ್ಳುತ್ತದೆ. ಆ ಕ್ಷಣದಲ್ಲೇ ನಮ್ಮ ಟೆಂಪೋ ಹೊರಡಬೇಕಿರುತ್ತದೆ. ಗ್ರಾಫಿಕ್ಸ್, ಬ್ಯಾಟರಿಯ ಡ್ರೈವರ್‌ಗಳೂ ಹೀಗೆ ಮಾಡುವುದುಂಟು. ಲೇಟೆನ್ಸಿಮಾನ್ ಎಂಬ ತಂತ್ರಾಂಶ ಯಾರ ತಪ್ಪೆಂದು ಬೆರಳಿಟ್ಟು ತೋರಿಸುತ್ತದೆ.

ವೇದಿಕೆ ಹತ್ತುವ ಮುನ್ನ ಏರೋಪ್ಲೇನ್ ಮೋಡ್, ಕರೆಂಟು ಉಳಿಸುವ ಸೆಟ್ಟಿಂಗ್ ಬಂದ್, ಅಪ್‌ಡೇಟ್ ಬಂದ್. ಬ್ಲೂಟೂತ್ ಹೆಡ್‌ಫೋನ್ ದೂರ ಇಡಿ, ಅದರ ತಡ ನೂರು ಮಿಲಿಸೆಕೆಂಡಿನ ಲೆಕ್ಕದ್ದು. ಇನ್ನೊಂದು ವಿಷಯ ಬಿಸಿ. ವೇದಿಕೆಯ ಫೋಕಸ್ ಲೈಟಿನ ಕೆಳಗೆ ಒಂದು ಗಂಟೆ ಕೂತ ಲ್ಯಾಪ್‌ಟಾಪ್ ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ಸೌಂಡ್ ಚೆಕ್‌ನಲ್ಲಿ 128 ತಾಳಿಕೊಂಡದ್ದು ಹತ್ತನೆಯ ಹಾಡಿಗೆ ತಾಳದೆ ಹೋಗಬಹುದು. ಅದಕ್ಕೇ ನಾನು ಮನೆಯಲ್ಲಿ 64ರಲ್ಲಿ ಒಂದು ಗಂಟೆ ನುಡಿಸಿ ನೋಡುತ್ತೇನೆ. ವೇದಿಕೆಯಲ್ಲಿ 128 ಇಡುತ್ತೇನೆ.

ಸೌಂಡಿನವರ ಕಡೆಯಿಂದ

ಪೆಟ್ಟಿಗೆಯ ಹಿಂಬದಿಯನ್ನೂ ತಿರುಗಿಸಿ ನೋಡಿ. ಎಂ2ದಂಥ ಚಿಕ್ಕ ಪೆಟ್ಟಿಗೆಗಳಲ್ಲಿ ಎರಡೇ ಔಟ್‌ಪುಟ್. ಅವು ಮಿಕ್ಸರಿಗೆ ಹೋದವು. ಡ್ರಮ್ಮರಿನ ಕಿವಿಗೆ ಮಾತ್ರ ಟಿಕ್ ಟಿಕ್ ಎಂಬ ಕ್ಲಿಕ್ ಕಳಿಸಬೇಕೆಂದರೆ ದಾರಿಯಿಲ್ಲ. ಟ್ರ್ಯಾಕ್ ಜೊತೆ ನುಡಿಸುವ ತಂಡಗಳಿಗೆ ನಾಲ್ಕು ಔಟ್‌ಪುಟ್ ಬೇಕೇ ಬೇಕು. ಎಂ4, ಸ್ಕಾರ್ಲೆಟ್ 4ಐ4 ಅಂಥವು.

ವಯಲಿನ್, ವೀಣೆಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕಿನವರು ಇನ್ಸ್ಟ್ರುಮೆಂಟ್ ಇನ್‌ಪುಟ್ ಇದೆಯೇ ನೋಡಬೇಕು. ಸಾಮಾನ್ಯವಾಗಿ 1 ಮೆಗಾಓಮ್‌ನಷ್ಟು ತಡೆ ಇರುವ ಇನ್‌ಪುಟ್ ಅದು. ಲೈನ್ ಇನ್‌ಪುಟ್‌ಗೆ ಸಿಕ್ಕಿಸಿದರೆ ವೀಣೆಯ ಮಂದ್ರವೆಲ್ಲ ಸೋರಿಹೋಗಿ ತಗಡು ಬಡಿದಂತೆ ಕೇಳುತ್ತದೆ. ಬೈಯುವುದು ಮಾತ್ರ ಸೌಂಡಿನವರನ್ನು, ಪಾಪ.

ಲ್ಯಾಪ್‌ಟಾಪಿನ ಚಾರ್ಜರ್ ಸಿಕ್ಕಿಸಿದ ಕೂಡಲೇ ಗುಂಯ್ ಎನ್ನುವ ಹಮ್ ನಮ್ಮ ವೇದಿಕೆಗಳ ಹಳೆಯ ರೋಗ. ಬ್ಯಾಲೆನ್ಸ್ಡ್ ಔಟ್‌ಪುಟ್ ಇರುವ ಪೆಟ್ಟಿಗೆ, ಗ್ರೌಂಡ್ ಬಿಡಿಸುವ ಗುಂಡಿಯಿರುವ ಡಿಐ ಬಾಕ್ಸ್ ಜೊತೆಗಿದ್ದರೆ ಅದು ಬಹಳಮಟ್ಟಿಗೆ ಅಡಗುತ್ತದೆ. ಡಿಐ ಬಾಕ್ಸ್ ಅನ್ನು ಸೌಂಡಿನವರು ತರುತ್ತಾರೆ ಎಂದು ಕಾಯದೆ ನಿಮ್ಮ ಬ್ಯಾಗಿನಲ್ಲೇ ಎರಡು ಇಟ್ಟುಕೊಳ್ಳಿ.

ಬೇರೆ ಅಡಾಪ್ಟರ್ ಬೇಡದೆ ಯುಎಸ್‌ಬಿಯಿಂದಲೇ ಕರೆಂಟು ಪಡೆಯುವ ಪೆಟ್ಟಿಗೆಗೆ ನಾನು ಓಟು ಹಾಕುತ್ತೇನೆ. ಜನರೇಟರ್ ಒಂದು ಕ್ಷಣ ಕೆಮ್ಮಿದರೂ ಲ್ಯಾಪ್‌ಟಾಪಿನ ಬ್ಯಾಟರಿ ಅದನ್ನು ಬದುಕಿಸಿಕೊಳ್ಳುತ್ತದೆ. ಸ್ಪೀಕರ್ ಮತ್ತೆ ಬಂದಾಗ ಕೊಳಲು ಸಿದ್ಧವಾಗಿರುತ್ತದೆ. ಯುಎಸ್‌ಬಿ ಕೇಬಲನ್ನು ಮೇಜಿನ ಕಾಲಿಗೆ ಟೇಪು ಸುತ್ತಿ ಬಿಗಿಯಿರಿ. ಕತ್ತಲಲ್ಲಿ ಯಾರದೋ ಕಾಲಿಗೆ ಸಿಕ್ಕುವುದು ಅದೇ.

ಕಮಾನಿನ ಭಾರ

ಕಳೆದ ತಿಂಗಳು ವಯಲಿನ್ ನುಡಿಸುವ ಹುಡುಗಿಯೊಬ್ಬಳು ಪೆಟ್ಟಿಗೆ ಕೊಳ್ಳಲು ನನ್ನನ್ನು ಜೊತೆಗೆ ಕರೆದಳು. ಅವಳ ಲ್ಯಾಪ್‌ಟಾಪ್, ಅವಳ ವಯಲಿನ್, ಅವಳು ಕಛೇರಿಗೆ ಬಳಸುವ ಅದೇ ಸಾಫ್ಟ್‌ವೇರ್ ಸೆಟ್ಟಿಂಗ್ ತೆಗೆದುಕೊಂಡು ಹೋದೆವು. ಅಂಗಡಿಯವರು ಸಜ್ಜನರು, ಎರಡು ಡಬ್ಬ ಬಿಚ್ಚಿ ಮೇಜಿನ ಮೇಲಿಟ್ಟು, "ಎಷ್ಟು ಹೊತ್ತಾದರೂ ನುಡಿಸಿ ನೋಡಮ್ಮ" ಎಂದರು.

ಮೊದಲ ಪೆಟ್ಟಿಗೆಯಲ್ಲಿ 128 ಇಟ್ಟು ಮೋಹನದ ಒಂದು ವೇಗದ ಸ್ವರಗುಚ್ಛ ನುಡಿಸಿದಳು. ನಿಲ್ಲಿಸಿದಳು. ಮತ್ತೆ ನುಡಿಸಿದಳು. "ಸರ್, ತಪ್ಪೇನೂ ಕೇಳಿಸ್ತಿಲ್ಲ. ಆದ್ರೆ ಕಮಾನು ಯಾಕೋ ಭಾರ ಅನ್ನಿಸ್ತಿದೆ" ಎಂದಳು.

ಕೇಬಲ್ ಸಿಕ್ಕಿಸಿ ಅಳೆದೆವು. ಹೋಗಿಬರಲು 14 ಮಿಲಿಸೆಕೆಂಡು.

ಎರಡನೆಯದಕ್ಕೆ ಬದಲಿಸಿದೆವು. ಅದೇ 128, ಅಳತೆ 8ರ ಹತ್ತಿರ. ಆ ಅಂಕಿಯನ್ನು ಅವಳಿಗೆ ಹೇಳಲಿಲ್ಲ. ಕಮಾನು ಎತ್ತಿ ಅದೇ ಸ್ವರಗುಚ್ಛದಿಂದ ಶುರುಮಾಡಿದವಳು ಅಲ್ಲಿಗೆ ನಿಲ್ಲಿಸದೆ ಮೇಲಿನ ಷಡ್ಜಕ್ಕೆ ಹೋದಳು, ಅಲ್ಲಿ ನಿಂತಳು, ಕಣ್ಣು ಮುಚ್ಚಿ ನಿಧಾನ ಕೆಳಗಿಳಿದಳು. ಅಂಗಡಿಯವರು ಎದ್ದು ಹೋಗಿ ಫ್ಯಾನ್ ಆರಿಸಿ ಬಂದು ಕೂತರು. ಬೆಲೆ ಎಷ್ಟೆಂದು ಕೇಳಲು ಅವಳಿಗೆ ನೆನಪಾದದ್ದು ಹತ್ತು ನಿಮಿಷದ ನಂತರ.